ಬೆನ್ನ ಮೇಲೆ ಹದಿನೆಂಟು ಕಿಲೋ, ಕಣ್ಣ ಮುಂದೆ 1968

ಈ ಕಡೆ ತಲೆ ಹಾಕಿ ನಾಲ್ಕು ತಿಂಗಳ ಮೇಲಾಯ್ತು. "ಬದುಕಿದ್ದೀರಾ ಸ್ವಾಮಿ?" ಅಂತ ಇಬ್ಬರು ಕೇಳಿದ್ದೂ ಆಯ್ತು. ಬದುಕಿದ್ದೇನೆ. ಬರೆಯಲು ಒಂದು ನೆಪ ಬೇಕಿತ್ತು ಅಷ್ಟೆ. ಅದನ್ನು ಮೊನ್ನೆ ಭಾನುವಾರ ನನ್ನ ಅಕ್ಕನ ಮಗ ಒದಗಿಸಿದ.

ಅವನದು ಇಂಜಿನಿಯರಿಂಗ್ ಕೊನೆಯ ವರ್ಷ. (ಯಾವ ಕಾಲೇಜು ಎಂದು ಕೇಳಬೇಡಿ, ಹುಡುಗನಿಗೆ ಇನ್ನೂ ಮಾರ್ಕ್ಸ್ ಬರಬೇಕು.) ನಾಲ್ಕು ಜನರ ಟೀಮು. ಕ್ಯಾಂಪಸ್ಸಿನಲ್ಲಿ ನಿಂತು ಫೋನ್ ಎತ್ತಿ ಹಿಡಿದರೆ ಎದುರಿನ ಕಟ್ಟಡದ ಮೇಲೆ ಅದರ ಹೆಸರು, ವಿವರ, ಚಿತ್ರ ಎಲ್ಲ ತೇಲಿಕೊಂಡು ಬರಬೇಕು, ಅದು ಪ್ರಾಜೆಕ್ಟು. ಆಗ್ಮೆಂಟೆಡ್ ರಿಯಾಲಿಟಿ. ಅಂದರೆ ಕಣ್ಣಿಗೆ ಕಾಣುವ ನಿಜದ ಜಗತ್ತನ್ನು ಹಾಗೇ ಇಟ್ಟುಕೊಂಡು, ಅದರ ಮೇಲೆ ಕಂಪ್ಯೂಟರಿನ ಚಿತ್ರ ಹೊದಿಸುವ ವಿದ್ಯೆ. "ಮಾಮಾ, ರಿಪೋರ್ಟಿನಲ್ಲಿ ಲಿಟರೇಚರ್ ಸರ್ವೆ ಅಂತ ಒಂದು ಚಾಪ್ಟರ್ ಬರೀಬೇಕು. ನಿಮಗೆ ಹಳೇದೆಲ್ಲ ಗೊತ್ತಿರತ್ತಲ್ಲ, ಸ್ವಲ್ಪ ಹೇಳಿ" ಅಂದ. ಹಳೇದೆಲ್ಲ! ಇರಲಿ.

ಹೇಳುತ್ತಾ ಹೋದಾಗ ಇನ್ನೊಂದು ವಿಷಯ ಹೊರಬಿತ್ತು. ಟೀಮಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಅವಳಿಗೆ ಒಂದು ಹಠ. ಕಾಲೇಜು ಕಟ್ಟುವ ಮೊದಲು ಆ ಜಾಗದಲ್ಲಿ ರಾಗಿ ಹೊಲ ಇತ್ತು, ಒಂದು ಬಾವಿ ಇತ್ತು, ನಾಲ್ಕೈದು ಮನೆ ಇದ್ದವು, ಅದನ್ನೂ ತೋರಿಸೋಣ ಎನ್ನುವುದು. ಗೈಡ್ ಒಪ್ಪಲಿಲ್ಲವಂತೆ. "ಅದೆಲ್ಲ ಯಾಕ್ರಮ್ಮಾ? ಲೈಬ್ರರಿ, ಲ್ಯಾಬು, ಪ್ಲೇಸ್‌ಮೆಂಟ್ ಸೆಲ್ಲು ತೋರಿಸಿ, ಸಾಕು" ಎಂದರಂತೆ. ಉಳಿದ ಮೂವರಿಗೂ ಅದೇ ಸುಲಭ ಅನ್ನಿಸಿದೆ. ನಮ್ಮ ಹುಡುಗನೂ ಆ ಮೂವರಲ್ಲಿ ಒಬ್ಬ.

ಆಗ ನಾನು ಅವನಿಗೆ ಹೇಳಿದ ಕತೆಯನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಕತೆ ನ್ಯೂಯಾರ್ಕಿನದು, ಆದರೆ ಶುರುವಾಗುವುದು ಬಾಸ್ಟನ್ ಪಕ್ಕದಲ್ಲಿ.

ಇವಾನ್ ಸದರ್ಲೆಂಡ್ ಹೆಸರು ಕಂಪ್ಯೂಟರ್ ಓದಿದವರಿಗೆ ಗೊತ್ತಿರುತ್ತದೆ. 1963ರಲ್ಲಿ ಎಂಐಟಿಯಲ್ಲಿ ಪಿಎಚ್‌ಡಿಗೆಂದು 'ಸ್ಕೆಚ್‌ಪ್ಯಾಡ್' ಮಾಡಿದಾತ. ಪರದೆಯ ಮೇಲೆ ಲೈಟ್ ಪೆನ್ನಿನಿಂದ ಗೆರೆ ಎಳೆದರೆ ಕಂಪ್ಯೂಟರು ಅದನ್ನು ಅರ್ಥ ಮಾಡಿಕೊಳ್ಳುವಂತೆ ಮಾಡಿದ್ದ. ಆಮೇಲೆ ಎರಡು ವರ್ಷ ಅಮೆರಿಕದ ರಕ್ಷಣಾ ಇಲಾಖೆಯ ಆರ್ಪಾದಲ್ಲಿ ಕಂಪ್ಯೂಟರ್ ಸಂಶೋಧನೆಗೆ ದುಡ್ಡು ಹಂಚುವ ಕುರ್ಚಿಯಲ್ಲಿ ಕೂತಿದ್ದ. ಅಲ್ಲಿಂದ ಹಾರ್ವರ್ಡಿಗೆ ಮೇಷ್ಟರಾಗಿ ಬಂದ. ಬೆಲ್ ಹೆಲಿಕಾಪ್ಟರ್ ಕಂಪನಿಯವರು ಆಗ ಒಂದು ಪ್ರಯೋಗ ಮಾಡುತ್ತಿದ್ದರು. ಹೆಲಿಕಾಪ್ಟರಿನ ಹೊಟ್ಟೆಯ ಕೆಳಗೆ ಕ್ಯಾಮೆರಾ, ಪೈಲಟ್ಟಿನ ಕಣ್ಣೆದುರು ಪುಟ್ಟ ಪರದೆ. ಪೈಲಟ್ ತಲೆ ತಿರುಗಿಸಿದಂತೆಲ್ಲ ಕ್ಯಾಮೆರಾ ತಿರುಗುತ್ತಿತ್ತು, ಕತ್ತಲಲ್ಲಿ ಇಳಿಯಲು ಅನುಕೂಲವಾಗಲೆಂದು. ಸದರ್ಲೆಂಡ್ ತಲೆಗೆ ಹೊಳೆದದ್ದು ಇಷ್ಟೆ: ಆ ಕ್ಯಾಮೆರಾ ತೆಗೆದು ಅಲ್ಲಿ ಕಂಪ್ಯೂಟರ್ ಇಟ್ಟರೆ?

ಅದನ್ನು ಕಟ್ಟಿದವರಲ್ಲಿ ಹುಡುಗರೇ ಜಾಸ್ತಿ. ಬಾಬ್ ಸ್ಪ್ರೌಲ್ ಆಗಿನ್ನೂ ಡಿಗ್ರಿ ಓದುತ್ತಿದ್ದ. ಡ್ಯಾನಿ ಕೋಹೆನ್, ಚಕ್ ಸೈಟ್ಜ್ ಸಂಶೋಧನಾ ವಿದ್ಯಾರ್ಥಿಗಳು. ಕಣ್ಣಿನ ಎದುರು ಅರ್ಧ ಪಾರದರ್ಶಕ ಗಾಜು, ಪಕ್ಕದಲ್ಲಿ ಪುಟ್ಟ ಪುಟ್ಟ ಪಿಕ್ಚರ್ ಟ್ಯೂಬು. ಹಾಕಿಕೊಂಡವನಿಗೆ ಕೋಣೆಯೂ ಕಾಣುತ್ತಿತ್ತು, ಕೋಣೆಯ ನಡುವೆ ತೇಲುವ ಗೆರೆಗಳ ಪೆಟ್ಟಿಗೆಯೂ ಕಾಣುತ್ತಿತ್ತು. ಸುತ್ತ ನಡೆದರೆ ಪೆಟ್ಟಿಗೆಯ ಇನ್ನೊಂದು ಮಗ್ಗುಲು ಕಾಣುತ್ತಿತ್ತು. ತಲೆ ಎಲ್ಲಿದೆ, ಎತ್ತ ತಿರುಗಿದೆ ಎಂದು ಕಂಪ್ಯೂಟರಿಗೆ ತಿಳಿಸಲು ಛಾವಣಿಯಿಂದ ಒಂದು ಭಾರಿ ಲೋಹದ ತೋಳು ನೇತು ಹಾಕಿ ಅದನ್ನು ತಲೆಗೆ ಬಿಗಿದಿದ್ದರು. ಗ್ರೀಕರ ಕತೆಯಲ್ಲಿ ಡಾಮೊಕ್ಲಿಸ್ ಎಂಬವನ ನೆತ್ತಿಯ ಮೇಲೆ ಕುದುರೆಕೂದಲಿಗೆ ಕಟ್ಟಿದ ಕತ್ತಿ ತೂಗುತ್ತಿರುತ್ತದಲ್ಲ, ಈ ತೋಳಿಗೂ ಅದೇ ಹೆಸರು ಬಿತ್ತು. ಓಡಾಡಲು ಸಿಗುತ್ತಿದ್ದ ಜಾಗ ಆರು ಅಡಿ ಅಗಲ. ಅಷ್ಟೆ. ಲೇಖನ ಹೊರಬಂದದ್ದು 1968ರ ಡಿಸೆಂಬರಿನಲ್ಲಿ. ಈ 1968 ಎಂಬ ಇಸವಿಯನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ನಡುವಿನ ಇಪ್ಪತ್ತೈದು ವರ್ಷವನ್ನು ಹಾರಿಸಿಬಿಡುತ್ತೇನೆ. ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಬಂದದ್ದು 1990ರ ದಶಕದ ಶುರುವಿನಲ್ಲಿ, ವಿಮಾನ ಮಾಡುವ ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮೈಜೆಲ್ ಅವರಿಂದ. ಮೈಲುಗಟ್ಟಲೆ ವೈರು ಜೋಡಿಸುವ ಕೆಲಸದವರು ಪದೇ ಪದೇ ನಕ್ಷೆ ನೋಡಬೇಕಿತ್ತು. ನಕ್ಷೆಯನ್ನು ಹಲಗೆಯ ಮೇಲೇ ಕಾಣಿಸಿದರೆ ಹೇಗೆ ಎನ್ನುವುದು ಅವರ ಯೋಚನೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಫೈನರ್ ಮತ್ತವರ ವಿದ್ಯಾರ್ಥಿಗಳು 1993ರ ಹೊತ್ತಿಗೆ ಲೇಸರ್ ಪ್ರಿಂಟರ್ ರಿಪೇರಿ ಹೇಳಿಕೊಡುವ ಕನ್ನಡಕ ಮಾಡಿದ್ದರು. ಯಾವ ಮುಚ್ಚಳ ತೆಗೆಯಬೇಕು, ಯಾವ ಟ್ರೇ ಎಳೆಯಬೇಕು ಎಂದು ಪ್ರಿಂಟರಿನ ಮೇಲೇ ಗೆರೆ ಮೂಡುತ್ತಿತ್ತು. ಹಾರ್ವರ್ಡಿನಿಂದ ಇಲ್ಲಿಯವರೆಗೂ ಎಲ್ಲ ನಾಲ್ಕು ಗೋಡೆಯ ಒಳಗೇ.

ಕೋಣೆಯಿಂದ ಬೀದಿಗೆ ಇಳಿಯುವುದು ಸಣ್ಣ ವಿಷಯವಲ್ಲ. ಒಳಗಾದರೆ ತೋಳು ನೇತು ಹಾಕಬಹುದು. ಹೊರಗೆ ಆಕಾಶಕ್ಕೆ ಏನನ್ನು ನೇತು ಹಾಕುವುದು? ಉಪಗ್ರಹಗಳನ್ನು! 1997ರಲ್ಲಿ ಫೈನರ್, ಅವರ ವಿದ್ಯಾರ್ಥಿಗಳಾದ ಬ್ಲೇರ್ ಮ್ಯಾಕಿಂಟೈರ್ ಮತ್ತು ಟೋಬಿಯಾಸ್ ಹೊಲ್ಲರರ್, ಜೊತೆಗೆ ಆಂಥೊನಿ ವೆಬ್‌ಸ್ಟರ್ ಸೇರಿ 'ಟೂರಿಂಗ್ ಮಷೀನ್' ಎಂಬುದನ್ನು ಮಾಡಿದರು. (ಟ್ಯೂರಿಂಗ್ ಮೆಷಿನ್ ಮೇಲೆ ಶ್ಲೇಷೆ. ಕಂಪ್ಯೂಟರಿನವರಿಗೆ ಶ್ಲೇಷೆಯ ಚಟ ನಮ್ಮ ಅಷ್ಟಾವಧಾನಿಗಳಿಗಿಂತ ಜಾಸ್ತಿ. :-) ) ಬೆನ್ನಿಗೆ ಒಂದು ಚೌಕಟ್ಟು. ಅದರಲ್ಲಿ 133 ಮೆಗಾಹರ್ಟ್ಸ್ ಪೆಂಟಿಯಂ ಕಂಪ್ಯೂಟರು, ಬ್ಯಾಟರಿಗಳು, ಜಿಪಿಎಸ್ ಪೆಟ್ಟಿಗೆ. ತಲೆಯ ಮೇಲಕ್ಕೆ ಎದ್ದುನಿಂತ ಆಂಟೆನಾ. ಕಣ್ಣಿಗೆ ಆರಪಾರ ಕಾಣುವ ಕನ್ನಡಕ. ಕೈಯಲ್ಲಿ ಪೆನ್ನಿನಿಂದ ಒತ್ತುವ ಇನ್ನೊಂದು ಸಣ್ಣ ಕಂಪ್ಯೂಟರು. ಒಟ್ಟು ತೂಕ ನಲವತ್ತು ಪೌಂಡಿಗೆ ಸ್ವಲ್ಪ ಕಮ್ಮಿ, ಅಂದರೆ ಹತ್ತಿರ ಹತ್ತಿರ ಹದಿನೆಂಟು ಕಿಲೋ. ಮುಕ್ಕಾಲು ಮೂಟೆ ಸಿಮೆಂಟು ಎನ್ನಲಾರೆ, ಮೂರನೇ ಒಂದು ಪಾಲು ಎನ್ನಬಹುದು. ಆ ಫೋಟೋ ನೋಡಿದರೆ ನಿಮಗೆ 'ಘೋಸ್ಟ್ ಬಸ್ಟರ್ಸ್' ಸಿನಿಮಾದ ದೆವ್ವ ಹಿಡಿಯುವವರು ನೆನಪಾಗದೆ ಇರಲಾರರು. ತಮಾಷೆಯೆಂದರೆ 1984ರ ಆ ಸಿನಿಮಾದ ಕೆಲವು ದೃಶ್ಯಗಳನ್ನು ತೆಗೆದದ್ದೂ ಇದೇ ಕೊಲಂಬಿಯಾ ಆವರಣದಲ್ಲಿ.

ಇಷ್ಟು ಹೊತ್ತು ನಡೆದವನಿಗೆ ಕಾಣುತ್ತಿದ್ದದ್ದು ಏನು? ಕಟ್ಟಡಗಳ ಹೆಸರು. ಅದೂ ಅಲುಗಾಡುತ್ತಾ. ಬಿಸಿಲಿಗೆ ಕನ್ನಡಕದ ಚಿತ್ರ ಮಸುಕಾಗುತ್ತಿತ್ತು. ದಿಕ್ಕು ತಿಳಿಸುವ ಕಾಂತದ ಸೆನ್ಸರು ಹತ್ತಿರ ಕಬ್ಬಿಣ ಕಂಡರೆ ದಿಕ್ಕು ತಪ್ಪುತ್ತಿತ್ತು. ಮರದ ಕೆಳಗೋ ಎತ್ತರದ ಗೋಡೆಯ ಪಕ್ಕವೋ ಹೋದರೆ ಉಪಗ್ರಹ ಕೈಕೊಡುತ್ತಿತ್ತು.

ಜಿಪಿಎಸ್ ವಿಷಯ ಸ್ವಲ್ಪ ಹೇಳಲೇಬೇಕು, ಇಂದಿನ ಹುಡುಗರಿಗೆ ಇದು ಗೊತ್ತೇ ಇಲ್ಲ. ಆ ಉಪಗ್ರಹಗಳು ಅಮೆರಿಕದ ಸೇನೆಯವು. ಸೇನೆ ತನಗೆ ಕರಾರುವಾಕ್ಕಾದ ಸಂಕೇತ ಇಟ್ಟುಕೊಂಡು, ಸಾರ್ವಜನಿಕರಿಗೆ ಬೇಕೆಂದೇ ಕೆಡಿಸಿದ ಸಂಕೇತ ಕೊಡುತ್ತಿತ್ತು. ನೂರು ಮೀಟರಿನವರೆಗೂ ತಪ್ಪಾಗುತ್ತಿತ್ತು. ನೂರು ಮೀಟರೆಂದರೆ ಲೈಬ್ರರಿಯ ಹೆಸರು ಕ್ಯಾಂಟೀನಿನ ಮೇಲೆ ತೇಲುತ್ತದೆ. ಅದಕ್ಕೇ ಇವರು ತಿದ್ದುಪಡಿ ಸಂಕೇತ ಕೊಡುವ ಇನ್ನೊಂದು ಸೇವೆಯನ್ನು ಜೋಡಿಸಿಕೊಂಡು ಒಂದು ಮೀಟರಿಗೆ ಇಳಿಸಿದರು. ಮುಂದೆ ಸರ್ವೆ ಮಾಡುವವರು ಬಳಸುವ ಜಾತಿಯ ರಿಸೀವರ್ ಹಾಕಿ ಸೆಂಟಿಮೀಟರುಗಳಿಗೆ ತಂದರು. 2000ದ ಮೇ ತಿಂಗಳ ಮೊದಲ ವಾರದಲ್ಲಿ ಅಮೆರಿಕ ಸರ್ಕಾರ ಆ ಕೆಡಿಸುವ ಚಾಳಿಯನ್ನು ನಿಲ್ಲಿಸಿತು. ನಮ್ಮ ಆಟೋದವರು ಇವತ್ತು ಫೋನ್ ನೋಡಿಕೊಂಡು ಮನೆ ಬಾಗಿಲಿಗೇ ಬಂದು ನಿಲ್ಲುವುದಕ್ಕೆ ಅದೂ ಒಂದು ಕಾರಣ.

ಈಗ ನಿಜವಾದ ಕತೆಗೆ ಬರೋಣ. ಹೆಸರು ತೇಲಿಸಿದ್ದಾಯ್ತು, ಮುಂದೇನು? ಕೊಲಂಬಿಯಾದ ಪತ್ರಿಕೋದ್ಯಮ ಶಾಲೆಯಲ್ಲಿ ಜಾನ್ ಪಾವ್ಲಿಕ್ ಎಂಬ ಪ್ರೊಫೆಸರ್ ಇದ್ದರು. ವರದಿಗಾರಿಕೆಗೆ ಹೊಸ ಯಂತ್ರಗಳನ್ನು ಹೇಗೆ ಬಳಸಬಹುದು ಎಂಬ ಹುಚ್ಚು ಅವರಿಗೆ. ಎರಡೂ ಕಡೆಯ ವಿದ್ಯಾರ್ಥಿಗಳು ಒಟ್ಟು ಸೇರಿದರು. ಪತ್ರಿಕೋದ್ಯಮದವರು ಹಳೆಯ ಫೋಟೋ, ಫಿಲ್ಮು, ದಾಖಲೆ ಹುಡುಕಿ ಕತೆ ಕಟ್ಟಿದರೆ, ಕಂಪ್ಯೂಟರಿನವರು ಅದನ್ನು ನಡೆದ ಜಾಗದಲ್ಲೇ ನೆಟ್ಟರು. ನೆಟ್ಟರು ಎಂಬ ಮಾತನ್ನು ಸುಮ್ಮನೆ ಬಳಸಲಿಲ್ಲ. ಕನ್ನಡಕ ಹಾಕಿಕೊಂಡರೆ ಆವರಣದ ತುಂಬ ಬಾವುಟಗಳು ಕಾಣುತ್ತಿದ್ದವು. ಒಂದರ ಕಡೆ ನೋಡಿ ಆರಿಸಿಕೊಂಡರೆ ಅದರ ಸುತ್ತ ಕತೆಯ ಭಾಗಗಳು ತೆರೆದುಕೊಳ್ಳುತ್ತಿದ್ದವು. ಕಿವಿಗೆ ನಿರೂಪಣೆ, ಕಣ್ಣಿಗೆ ಅದೇ ಜಾಗದ ಹಳೆಯ ಚಿತ್ರ, ಕೈಯಲ್ಲಿನ ಪರದೆಯ ಮೇಲೆ ವಿಡಿಯೋ. ಹೊಲ್ಲರರ್, ಫೈನರ್, ಪಾವ್ಲಿಕ್ ಮೂವರೂ ಸೇರಿ 1999ರಲ್ಲಿ ಇದರ ಲೇಖನ ಪ್ರಕಟಿಸಿದರು. ಹೆಸರು 'ಸಿಚುಯೇಟೆಡ್ ಡಾಕ್ಯುಮೆಂಟರೀಸ್'. ಇದ್ದ ಜಾಗದಲ್ಲೇ ನೋಡುವ ಸಾಕ್ಷ್ಯಚಿತ್ರ ಎನ್ನೋಣವೇ?

ಅವರು ಆರಿಸಿಕೊಂಡ ಕತೆಗಳನ್ನು ನೋಡಿ. ನೊಬೆಲ್ ಪಡೆದ ಪ್ರಾಧ್ಯಾಪಕರ ಪಟ್ಟಿ ಅಲ್ಲ. ವಿಶ್ವವಿದ್ಯಾಲಯ ತನ್ನ ಬ್ರೋಷರಿನಲ್ಲಿ ಹಾಕಲು ಅಷ್ಟಾಗಿ ಇಷ್ಟಪಡದಂಥವನ್ನೇ ಹುಡುಕಿದ್ದರು.

ಮೊದಲನೆಯದು ಹುಚ್ಚಾಸ್ಪತ್ರೆ. ಕೊಲಂಬಿಯಾ ಈಗಿರುವ ಮಾರ್ನಿಂಗ್‌ಸೈಡ್ ಹೈಟ್ಸ್ ಗುಡ್ಡದ ಮೇಲೆ 1821ರಿಂದ ಬ್ಲೂಮಿಂಗ್‌ಡೇಲ್ ಅಸೈಲಂ ಇತ್ತು. 1894ರಲ್ಲಿ ಅದು ಊರ ಹೊರಗೆ ವೈಟ್ ಪ್ಲೇನ್ಸಿಗೆ ಹೋಯಿತು. ಮೂರು ವರ್ಷಕ್ಕೆ ವಿಶ್ವವಿದ್ಯಾಲಯ ಬಂತು. ಈಗ ಉಳಿದಿರುವುದು ಒಂದೇ ಒಂದು ಕೆಂಪು ಇಟ್ಟಿಗೆಯ ಮನೆ, ಬ್ಯುಯೆಲ್ ಹಾಲ್. ಕಂಬಗಳ ಆ ಭವ್ಯ ಕಟ್ಟಡಗಳ ನಡುವೆ ಅದೊಂದು ಮಾತ್ರ ದಾರಿ ತಪ್ಪಿ ಬಂದಂತೆ ನಿಂತಿದೆ. ವಿದ್ಯಾರ್ಥಿಗಳು ಅಸೈಲಮ್ಮಿನ ಮುಖ್ಯ ಕಟ್ಟಡದ ಮೂರು ಆಯಾಮದ ಮಾದರಿ ಮಾಡಿ, ಅದು ಹಿಂದೆ ನಿಂತಿದ್ದ ಜಾಗದಲ್ಲೇ ಎಬ್ಬಿಸಿದರು. ನಮ್ಮ ಅಂಬೇಡ್ಕರ್ 1913ರಿಂದ ಮೂರು ವರ್ಷ ಓದಿದ್ದು ಇದೇ ಆವರಣದಲ್ಲಿ. ಅವರು ಬರುವ ಹೊತ್ತಿಗೆ ಆಸ್ಪತ್ರೆ ಹೋಗಿ ಇಪ್ಪತ್ತು ವರ್ಷ ಕೂಡ ಆಗಿರಲಿಲ್ಲ.

ಎರಡನೆಯದು ಕ್ಯಾಂಪಸ್ಸಿನ ಅಡಿಯ ಸುರಂಗಗಳು. ಹಬೆಯ ಕೊಳವೆ, ಕಲ್ಲಿದ್ದಲಿನ ದಾರಿಗಳ ಜಾಲ. ಒಂದಷ್ಟು ಭಾಗ ಅಸೈಲಮ್ಮಿನ ಕಾಲದ್ದೇ. ಅಲ್ಲಿಗೆ ವಿದ್ಯಾರ್ಥಿಗಳನ್ನು ಬಿಡುವುದಿಲ್ಲ. ಆದ್ದರಿಂದ ಸುತ್ತಲೂ ಒಂದೇ ಸಲಕ್ಕೆ ಚಿತ್ರ ಹಿಡಿಯುವ ಕ್ಯಾಮೆರಾದ ಚಿತ್ರಗಳನ್ನು ಬಳಸಿದರು. ಆ ಕ್ಯಾಮೆರಾ ಕೊಲಂಬಿಯಾದಲ್ಲೇ ಪ್ರೊಫೆಸರ್ ಆಗಿರುವ ಶ್ರೀ ನಾಯರ್ ಅವರದು. ಮೇಲೆ ಹುಲ್ಲುಹಾಸಿನ ಮೇಲೆ ನಿಂತವನು ತಲೆ ತಿರುಗಿಸಿದರೆ ಕೆಳಗಿನ ಸುರಂಗದ ಗೋಡೆ ತಿರುಗುತ್ತಿತ್ತು.

ಮೂರನೆಯದು 1968ರ ವಿದ್ಯಾರ್ಥಿ ದಂಗೆ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿತ್ತು. ಕೊಲಂಬಿಯಾ ವಿದ್ಯಾರ್ಥಿಗಳಿಗೆ ಎರಡು ಸಿಟ್ಟು. ಒಂದು, ಸೇನೆಗಾಗಿ ಸಂಶೋಧನೆ ಮಾಡುವ ರಕ್ಷಣಾ ವಿಶ್ಲೇಷಣಾ ಸಂಸ್ಥೆಯ ಜೊತೆ ವಿಶ್ವವಿದ್ಯಾಲಯದ ನಂಟು. ಇನ್ನೊಂದು, ಪಕ್ಕದ ಮಾರ್ನಿಂಗ್‌ಸೈಡ್ ಪಾರ್ಕಿನಲ್ಲಿ ಕಟ್ಟಲು ಹೊರಟಿದ್ದ ಜಿಮ್. ಪಾರ್ಕು ಸಾರ್ವಜನಿಕರದು. ಗುಡ್ಡದ ಮೇಲೆ ವಿಶ್ವವಿದ್ಯಾಲಯ, ಕೆಳಗೆ ಕಪ್ಪು ಜನರ ಹಾರ್ಲೆಮ್. ಜಿಮ್ಮಿನ ಮೇಲಿನ ಬಾಗಿಲು ವಿದ್ಯಾರ್ಥಿಗಳಿಗೆ, ಕೆಳಗಿನ ಬಾಗಿಲು ಹಾರ್ಲೆಮ್ಮಿನವರಿಗೆ, ಅದೂ ಕಟ್ಟಡದ ಸಣ್ಣ ಪಾಲು ಮಾತ್ರ. ನಮ್ಮಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಬಾಗಿಲು, ಬೇರೆ ಲೋಟ ಎಂದರೆ ಏನೆಂದು ನಮಗೆ ಚೆನ್ನಾಗಿಯೇ ಗೊತ್ತು.

ಏಪ್ರಿಲ್ 23ರಂದು ವಿದ್ಯಾರ್ಥಿಗಳು ಹ್ಯಾಮಿಲ್ಟನ್ ಹಾಲಿಗೆ ನುಗ್ಗಿ ಕೂತರು. ಮರುದಿನ ಬೆಳಗಿನ ಜಾವ ಕಪ್ಪು ವಿದ್ಯಾರ್ಥಿಗಳು "ಇದು ನಮ್ಮ ಹೋರಾಟ, ನೀವು ಬೇರೆ ಕಟ್ಟಡ ನೋಡಿಕೊಳ್ಳಿ" ಎಂಬರ್ಥದಲ್ಲಿ ಬಿಳಿಯರನ್ನು ಕಳಿಸಿದರು. ಅವರು ಹೋಗಿ ಲೋ ಲೈಬ್ರರಿಯಲ್ಲಿ ಅಧ್ಯಕ್ಷರ ಕಚೇರಿಯನ್ನೇ ಹಿಡಿದರು. ಒಟ್ಟು ಐದು ಕಟ್ಟಡ, ಒಂದು ವಾರ. 30ರ ನಸುಕಿನಲ್ಲಿ ಪೊಲೀಸರು ಬಂದರು. ಹ್ಯಾಮಿಲ್ಟನ್ನಿನಲ್ಲಿದ್ದ ಕಪ್ಪು ವಿದ್ಯಾರ್ಥಿಗಳು ಶಿಸ್ತಾಗಿ, ಸದ್ದಿಲ್ಲದೆ ನಡೆದು ಬಂದು ಬಂಧನಕ್ಕೊಳಗಾದರು. ಉಳಿದ ಕಡೆ ಲಾಠಿ. 700ಕ್ಕೂ ಹೆಚ್ಚು ಬಂಧನ, ನೂರಕ್ಕೂ ಹೆಚ್ಚು ಜನರಿಗೆ ಗಾಯ. ಕೊನೆಗೆ ಜಿಮ್ ಯೋಜನೆ ಕೈಬಿಟ್ಟಿತು, ಆ ಸಂಸ್ಥೆಯ ನಂಟೂ ಕಡಿಯಿತು, ಅಧ್ಯಕ್ಷ ಗ್ರೇಸನ್ ಕರ್ಕ್ ಆಗಸ್ಟಿನಲ್ಲಿ ಹುದ್ದೆಯಿಂದ ಇಳಿದರು.

ಮೂವತ್ತು ವರ್ಷ ಬಿಟ್ಟು, ಅದೇ ಮೆಟ್ಟಿಲ ಮುಂದೆ, ಹದಿನೆಂಟು ಕಿಲೋ ಹೊತ್ತ ಒಬ್ಬ ವಿದ್ಯಾರ್ಥಿ ನಿಂತಿದ್ದಾನೆ. ಎದುರಿಗೆ ಕಾಫಿ ಹಿಡಿದು ಹರಟೆ ಹೊಡೆಯುವ ಇಂದಿನ ಹುಡುಗರು, ಅವರ ಮೇಲೆ ಕಪ್ಪುಬಿಳುಪಿನಲ್ಲಿ ಅಂದಿನವರು. ಮ್ಯೂಸಿಯಮ್ಮಿನಲ್ಲಿ ನೋಡಿದರೆ ಅದು ಫೋಟೋ. ಇಲ್ಲಿ ನಿಂತು ನೋಡಿದರೆ, ಆ ಕಿಟಕಿ ಈ ಕಿಟಕಿಯೇ ಎಂದು ಗೊತ್ತಾಗುತ್ತದೆ. ನನಗೆ ಇಡೀ ವಿದ್ಯೆಯಲ್ಲಿ ಇಷ್ಟವಾಗುವುದು ಇದೊಂದೇ. 2016ರಲ್ಲಿ ಪೋಕೆಮಾನ್ ಹಿಡಿಯಲು ಊರೆಲ್ಲ ಫೋನ್ ಹಿಡಿದು ಅಲೆದದ್ದೂ ಎಆರ್ ಎಂದೇ ಕರೆಸಿಕೊಂಡಿತು. ಅಲೆಯಲಿ, ಬೇಡ ಎಂದವರಾರು. ಆದರೆ ಪೋಕೆಮಾನಿಗೆ ಯಾವ ಗೋಡೆಯಾದರೂ ಒಂದೇ.

ಇಲ್ಲಿ ಒಂದು ಮುಳ್ಳಿದೆ, ಅದನ್ನು ಹೇಳದೆ ಬಿಟ್ಟರೆ ಕತೆ ತೀರಾ ಚೆಂದವಾಗಿಬಿಡುತ್ತದೆ. ಈ ಬೆನ್ನಿನ ಹೊರೆಯ ಸಂಶೋಧನೆಗೆ ದುಡ್ಡು ಕೊಟ್ಟವರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿಯೂ ಒಂದು. ಹಾರ್ವರ್ಡಿನ ಆ ನೇತಾಡುವ ಕತ್ತಿಗೂ ಆರ್ಪಾ ಮತ್ತು ಅದೇ ನೌಕಾಪಡೆಯ ಕಚೇರಿಯ ಹಣ ಇತ್ತು. ಉಪಗ್ರಹ ಸೇನೆಯದು ಎಂದು ಆಗಲೇ ಹೇಳಿದೆ. ಅಂದರೆ, ಸೇನೆಯ ಸಂಶೋಧನೆ ನಮ್ಮ ಕ್ಯಾಂಪಸ್ಸಿನಲ್ಲಿ ಬೇಡ ಎಂದು 1968ರಲ್ಲಿ ಪೆಟ್ಟು ತಿಂದವರ ಕತೆಯನ್ನು, ಅದೇ ಕ್ಯಾಂಪಸ್ಸಿನಲ್ಲಿ, ಸೇನೆಯ ದುಡ್ಡು ಮತ್ತು ಸೇನೆಯ ಉಪಗ್ರಹದ ಸಹಾಯದಿಂದ ಹೇಳಲಾಯಿತು. ಇದನ್ನು ಬೂಟಾಟಿಕೆ ಎನ್ನಬೇಕೋ, ಜಾಣತನ ಎನ್ನಬೇಕೋ? ನನಗೆ ಎರಡೂ ಪೂರ್ತಿ ಸರಿ ಅನ್ನಿಸುವುದಿಲ್ಲ. ಆ ಹುಡುಗರು ಬೇಕಾದರೆ ಲೈಬ್ರರಿ, ಲ್ಯಾಬು ಅಷ್ಟೇ ತೋರಿಸಿ ಡಿಗ್ರಿ ತೆಗೆದುಕೊಳ್ಳಬಹುದಿತ್ತು. ಯಂತ್ರ ಯಾರ ದುಡ್ಡಿನದಾದರೂ, ಅದರೊಳಗೆ ಯಾವ ಕತೆ ಎನ್ನುವುದು ಅವರ ಕೈಯಲ್ಲಿತ್ತು, ಅದನ್ನು ಅವರು ಬಿಟ್ಟುಕೊಡಲಿಲ್ಲ. ಆದರೆ ಲೇಖನವನ್ನು ಓದುವವರು ಮಾತ್ರ ಇಂದಿಗೂ ಯಂತ್ರದ ವಿವರಕ್ಕೇ ಓದುತ್ತಾರೆ. ಹೊಲ್ಲರರ್ ಮುಂದೆ ಸಾಂತಾ ಬಾರ್ಬರಾದಲ್ಲಿ, ಮ್ಯಾಕಿಂಟೈರ್ ಜಾರ್ಜಿಯಾ ಟೆಕ್ಕಿನಲ್ಲಿ ಮೇಷ್ಟರಾದರು, ಈ ಕ್ಷೇತ್ರದಲ್ಲಿ ದೊಡ್ಡ ಹೆಸರು ಮಾಡಿದರು. ಫೋಟೋ, ಫಿಲ್ಮು ಹುಡುಕಿ ತಂದ ಪತ್ರಿಕೋದ್ಯಮದ ಹುಡುಗ ಹುಡುಗಿಯರ ಹೆಸರನ್ನು ಯಾರೂ ಹೇಳುವುದಿಲ್ಲ.

ಅಂದಹಾಗೆ, 2024ರ ಏಪ್ರಿಲಿನಲ್ಲಿ ಗಾಜಾ ಯುದ್ಧದ ವಿರುದ್ಧ ಕೊಲಂಬಿಯಾ ವಿದ್ಯಾರ್ಥಿಗಳು ಪ್ರತಿಭಟಿಸಿದಾಗ ಹಿಡಿದದ್ದೂ ಅದೇ ಹ್ಯಾಮಿಲ್ಟನ್ ಹಾಲ್. ಪೊಲೀಸರು ಒಳಗೆ ಹೋದದ್ದು ಏಪ್ರಿಲ್ 30ರ ರಾತ್ರಿ. 56 ವರ್ಷದ ಹಿಂದಿನ ಅದೇ ತಾರೀಕು.

ಇಷ್ಟನ್ನೂ ಅಕ್ಕನ ಮಗ ಹೂಂಗುಟ್ಟಿ ಕೇಳಿದ. ಲಿಟರೇಚರ್ ಸರ್ವೆಗೆ ಇದರಲ್ಲಿ ನಾಲ್ಕು ಸಾಲು ಸಾಕು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. "ಅವರಿಗೆ ಗೈಡ್ ಒಪ್ಪಿದ್ರು ಮಾಮಾ" ಅಂತ ಮಾತ್ರ ಹೇಳಿ ಫೋನ್ ಇಟ್ಟ. ನಾನು ಏನೂ ಅನ್ನಲಿಲ್ಲ. ಹೇಳಿದ ಮಾತು ಸುಳ್ಳಲ್ಲವಲ್ಲ.

ನಿನ್ನೆ ರಾತ್ರಿ ಮತ್ತೆ ಫೋನ್. ಕಾಲೇಜಿನ ಗೇಟಿನಲ್ಲಿ ಕೂರುವ ಸೆಕ್ಯುರಿಟಿ ತಾತ ಆ ನಾಲ್ಕೈದು ಮನೆಯವರಲ್ಲೇ ಒಬ್ಬರಂತೆ. ಮೂರು ವರ್ಷದಿಂದ ದಿನಾ ಐಡಿ ಕಾರ್ಡ್ ತೋರಿಸಿ ಒಳಗೆ ಹೋಗಿದ್ದಾರೆ, ಒಂದು ದಿನ ಕೇಳಿಲ್ಲ. ಆ ಹುಡುಗಿ ಕೇಳಿದ್ದಾಳೆ. ತಾತ ಎದ್ದು, ಬಾಗಿಲ ಪಕ್ಕದ ಹಳೆಯ ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋಗಿ, "ಇಲ್ಲಿಂದ ಮೂಡಲಿಗೆ ಹನ್ನೆರಡು ಮಾರು, ಅಲ್ಲೈತೆ ಬಾವಿ" ಅಂದರಂತೆ. ಅಲ್ಲಿ ಈಗ ಸ್ಟಾಫಿನವರ ಟೂ ವೀಲರ್ ನಿಲ್ಲಿಸುವ ಶೆಡ್ಡು. ಗೈಡಿಗೆ ಇನ್ನೂ ಹೇಳಿಲ್ಲವಂತೆ.

"ಮಾಮಾ, ಒಂದು ಮಾರು ಅಂದ್ರೆ ಎಷ್ಟು ಮೀಟರು?" ಅಂದ.

ಎರಡೂ ಕೈ ಅಗಲಿಸಿ ನಿಂತರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಷ್ಟೋ ಅಷ್ಟು ಕಣೋ, ಅಂದೆ.

"ಯಾರ ಕೈ? ತಾತಂದಾ, ನಂದಾ?"

ನಾಳೆ ಟೇಪು ಹಿಡಿದುಕೊಂಡು ಹೋಗಿ ತಾತನ ಕೈಯನ್ನೇ ಅಳೆಯುತ್ತಾರಂತೆ.